ಪಾಳಿ ತಪ್ಪಿದ ತಂತಿ

ನಮ್ಮ ಓಣಿಯ ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ನಿಂತಿದ್ದೇನೆ. ನನ್ನದಕ್ಕಿಂತ ಮುಂದೆ ನಾಲ್ಕು ಡಬ್ಬಿಗಳಿವೆ. ಅವುಗಳಲ್ಲಿ ಒಂದು ಸೊಟ್ಟಗೆ ನಿಂತಿತ್ತು. ಕಾಲಿನಿಂದ ಸರಿಸಿ ಸಾಲಿಗೆ ತಂದೆ. ನೀವು ನಗಬಹುದು. ಕುಷ್ಟಗಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದವನ ಕಾಲು ಅದು. ನನ್ನನ್ನು ಕೇಳದೆಯೇ ಕೆಲಸ ಮಾಡುತ್ತದೆ.

ಒಳಗಿನಿಂದ ಹಿಟ್ಟಿನ ವಾಸನೆ ಬರುತ್ತಿದೆ. ಬೀಸುವ ಕಲ್ಲಿನ ಹಿಟ್ಟು ಇಷ್ಟು ಬಿಸಿಯಾಗಿರುತ್ತಿರಲಿಲ್ಲ, ಆದರೆ ವಾಸನೆ ಇದೇ. ತಾವರಗೇರಾದ ನಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದುದು ಈ ವಾಸನೆ ಮತ್ತು ಅಕ್ಕನ ಬೀಸುವ ಹಾಡು. ಹಾಡಿನ ಮಾತು ದಿನಕ್ಕೊಂದು: ನಿನ್ನೆ ಬಂದುಹೋದ ಬೀಗರು, ಹಾಲು ಕುಡಿದ ಬೆಕ್ಕು, ಇನ್ನೂ ಹಾಸಿಗೆ ಬಿಡದ ತಮ್ಮ. ಧಾಟಿ ಮಾತ್ರ ಒಂದೇ.

ಎರಡು ವರ್ಷದ ಹಿಂದೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳ ಮಾತೆಂದರೆ ಪಿಸುಮಾತು. ಆ ಧಾಟಿಯನ್ನು ಅವಳಿಂದ ಯಾರೂ ಕಲಿತಿರಲಿಲ್ಲ. ಊರಿಗೆ ಗಿರಣಿ ಬಂದ ಮೇಲೆ ಕಲಿಯುವ ಕಾರಣವೂ ಇರಲಿಲ್ಲ. ಅವಳ ಬಸುರಿ ಮೊಮ್ಮಗಳ ಕುಪ್ಪಸದ ಕಾರ್ಯದಲ್ಲಿ ಹೆಂಗಸರು ಹಾಡಲು ಕುಳಿತಾಗ ಅಕ್ಕ ಸುಮ್ಮನೆ ಎದ್ದು ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ.

“ನಾ ಇನ್ನೂ ಅದೀನಿ, ನನ್ನ ಹಾಡು ನನಗಿಂತ ಮುಂದ ಹೋತಲ್ಲೋ ತಮ್ಮಾ” ಎಂದಳು.

ಆ ಧಾಟಿಯನ್ನು ಒಮ್ಮೆಯಾದರೂ ಅವಳಿಗೆ ಕೇಳಿಸಬೇಕೆಂದು ಅಲ್ಲೇ ನಿಶ್ಚಯಿಸಿದೆ. ಹಾಡುವ ಮಾತಿರಲಿಲ್ಲ. ಮೈದಾನದಲ್ಲಿ ಕೂಗಿ ಕೂಗಿ ಕೆಟ್ಟ ಗಂಟಲು ನನ್ನದು. ಹಾಡಿದರೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡುತ್ತದೆ. ಆದರೆ ಮನೆಯಲ್ಲಿ ಒಂದು ವಾದ್ಯವಿತ್ತು. ನಾನು ನಿವೃತ್ತನಾದ ದಿನ ಹತ್ತನೆಯ ತರಗತಿಯ ಹುಡುಗಿಯರು ಕೊಟ್ಟದ್ದು. “ಸರ, ಸೀಟಿ ಊದಿದ್ದು ಸಾಕ್ರಿ, ಇನ್ನ ಇದನ್ನ ಬಾರಿಸ್ರಿ” ಎಂದು ನಕ್ಕಿದ್ದರು. ಯುಕುಲೆಲೆಯಂತೆ. ಗಿಟಾರಿನ ಮರಿಯ ಹಾಗಿದೆ, ನಾಲ್ಕೇ ತಂತಿ. ಕಪಾಟಿನ ಮೇಲೆ ಕುಳಿತು ಧೂಳು ತಿನ್ನುತ್ತಿತ್ತು.

ಅದನ್ನು ಒರೆಸಿಕೊಂಡು ಹುಸೇನಸಾಬರ ಬಳಿಗೆ ಹೋದೆ. ಬಟ್ಟೆ ಹೊಲಿಯುವುದು ಅವರ ಕಸುಬು, ಭಜನೆಗೆ ಹಾರ್ಮೋನಿಯಂ ಹಿಡಿಯುವುದು ಅವರ ಖುಷಿ. ನೆನಪಿದ್ದಷ್ಟನ್ನು ಗುನುಗಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ಕಣ್ಣು ಮುಚ್ಚಿದರು.

“ಭೈರವಿ ಸ್ವರ ಅದಾವ್ರಿ ಮಾಸ್ತರ್ರ. ರಿ, ಗ, ದ, ನಿ ನಾಲ್ಕೂ ಕೋಮಲ.”

“ಕೋಮಲ ಅಂದ್ರ ಹೆಂಗ್ರಿ ಸಾಬ್ರ?”

ಅವರು ನನ್ನ ಮುಖ ನೋಡಿ, ನನಗೆ ತಿಳಿಯುವ ಭಾಷೆ ಹುಡುಕಿದರು. “ನಿಮ್ಮ ಹುಡುಗರು ಸಾಲಿಗೆ ನಿಂತಾರ ಅನ್ಕೋರಿ. ಆ ನಾಲ್ವರು ಮಾತ್ರ ಒಂದೀಟು ತಲಿ ಬಗ್ಗಿಸ್ಯಾರ.”

ಇಷ್ಟು ಚೆನ್ನಾಗಿ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಮನೆಗೆ ಬಂದು, ಮೈದಾನಕ್ಕೆ ಸುಣ್ಣ ಎಳೆಯುವವನಂತೆ, ಬೆರಳಿಡುವ ಜಾಗಗಳಿಗೆಲ್ಲ ಬಿಳಿ ಗುರುತು ಹಾಕಿದೆ. ಎರಡನೆಯ ತಂತಿಯಲ್ಲಿ ಸ ರಿ ಗ, ಮೂರನೆಯದರಲ್ಲಿ ಮ ಪ ದ, ಕೊನೆಯದರಲ್ಲಿ ನಿ ಸ. ದಿನಾ ಬೆಳಿಗ್ಗೆ ಐದೂವರೆಗೆ ಇಪ್ಪತ್ತು ಸಲ ಮೇಲೆ, ಇಪ್ಪತ್ತು ಸಲ ಕೆಳಗೆ. ಬೆರಳ ತುದಿ ಹಾಗಲಕಾಯಿಯಂತಾಯಿತು.

ಮೊದಲ ತಂತಿಗೆ, ಅಂದರೆ ಮುಖಕ್ಕೆ ಹತ್ತಿರವಿದ್ದ ತಂತಿಗೆ, ಕೆಲಸವೇ ಇರಲಿಲ್ಲ. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಉಳಿದ ಮೂರೂ ತಗ್ಗಿನಿಂದ ಎತ್ತರಕ್ಕೆ ಶಿಸ್ತಾಗಿ ನಿಂತಿರುವಾಗ, ಎಲ್ಲಕ್ಕಿಂತ ತಗ್ಗಿನಲ್ಲಿರಬೇಕಾದ ಇದು ನಡುವಿನವರ ಎತ್ತರದಲ್ಲಿ ಕೂಗುತ್ತಿತ್ತು. ಎತ್ತರ ನೋಡಿ ಸಾಲು ನಿಲ್ಲಿಸುವುದರಲ್ಲಿಯೇ ಆಯುಷ್ಯ ಕಳೆದವನು ನಾನು. ತಂತಿ ಬಿಗಿಸುವ ಕಿವಿ ತಿರುಗಿಸಿ ಅದನ್ನು ಇಳಿಸಿಬಿಟ್ಟೆ. ಸಾಲು ಸರಿಹೋಯಿತು. ತಂತಿ ಜೋತುಬಿದ್ದು, ಮುಟ್ಟಿದರೆ ಜೊರ್ರೆನ್ನುತ್ತಿತ್ತು, ಆದ್ದರಿಂದ ಮುಟ್ಟುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಬಸ್ಸು ಹತ್ತಿ ತಾವರಗೇರಾಕ್ಕೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕಡ್ಲಿಬ್ಯಾಳಿ ಹಸನು ಮಾಡುತ್ತಿದ್ದಳು. ಎದುರು ಕುಳಿತು ಒಂದು ಸ್ವರವೂ ತಪ್ಪದೆ ಧಾಟಿಯನ್ನು ನುಡಿಸಿದೆ. ಅಕ್ಕ ಮೊರವನ್ನು ಪಕ್ಕಕ್ಕಿಟ್ಟಳು.

“ಖರೇ ಹೇಳ್ಲೇನು? ಸಾಲ್ಯಾಗ ಮಗ್ಗಿ ಒಪ್ಪಿಸಿದಂಗ ಐತಿ.”

“ಸ್ವರ ತಪ್ಪಿಲ್ಲಕ್ಕಾ.”

“ತಪ್ಪಿಲ್ಲ ಬಿಡು. ಆದ್ರ ಕಲ್ಲು ಎಲ್ಲೈತಿ? ನಾ ಒಬ್ಬಾಕಿನ ಹಾಡ್ತಿದ್ನೇನು? ಕಲ್ಲು ಗುಂಯ್ ಅಂತಿತ್ತು, ಅದರ ಮ್ಯಾಲ ನಾ ಕುಂದರ್ತಿದ್ದೆ.” ಅವಳ ಕಣ್ಣು ಜೋತುಬಿದ್ದ ತಂತಿಯ ಮೇಲೆ ನಿಂತಿತು. “ಇದಕ್ಯಾಕ ಹಿಂಗ ಆಗೇತಿ?”

ಸಂಗತಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕಳು. “ತಂತಿಗೂ ಕವಾಯತು ಕಲಿಸಿದೇನೋ ನಮ್ಮಪ್ಪಾ!”

ನಾನು ನಗಲಿಲ್ಲ. ಅಂಗಡಿಯ ಪೆಟ್ಟಿಗೆಯಿಂದ ಬಂದಾಗ ಆ ತಂತಿ ಯಾವ ದನಿಯಲ್ಲಿತ್ತೆಂದು ಯೋಚಿಸುತ್ತಿದ್ದೆ. ಕಿವಿ ಹಿಡಿದು ಮೆಲ್ಲಗೆ ಬಿಗಿಮಾಡುತ್ತ ಹೋದೆ. ಏರಿ ಏರಿ ಅದು ಮೂರನೆಯ ತಂತಿಯ ಪಂಚಮಕ್ಕೆ ಕೂಡಿಕೊಂಡು ನಿಂತಿತು. ಹೆಬ್ಬೆರಳಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದೂ ಅದೇ. ಸಾಲಿಗೆ ಬಾರದ ಹುಡುಗನೆಂದು ನಾನು ತಗ್ಗಿಸಿದ್ದು ಕಲ್ಲನ್ನೇ.

ಹೆಬ್ಬೆರಳಿನಿಂದ ಅದನ್ನು ಬಿಡದೆ ಮೀಟುತ್ತ, ಉಳಿದ ಬೆರಳುಗಳಿಂದ ಧಾಟಿ ಹಿಡಿದೆ. ಲೆಕ್ಕ ತಪ್ಪಿತು, ಒಂದೆರಡು ಸ್ವರವೂ ತಪ್ಪಿದವು. ಅಕ್ಕನ ಬಲಗೈ ಮುಷ್ಟಿಯಾಯಿತು. ಬೀಸುವ ಕಲ್ಲಿನ ಗೂಟ ಹಿಡಿದಂತೆ ಗಾಳಿಯಲ್ಲಿ ಸುತ್ತತೊಡಗಿತು. ಆ ಸುತ್ತಿನ ಹಿಂದೆ ನಾನು ನಡೆದೆ. ನಾಲ್ಕನೆಯ ಸುತ್ತಿಗೆ ಅವಳ ತುಟಿ ಅಲ್ಲಾಡಿತು. ದನಿಯಿಲ್ಲ, ಬರೀ ಉಸಿರು. ಆದರೆ ಮಾತು ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು:

“ಸೀಟಿ ಮಾಸ್ತರ ಬಂದಾನ, ಕಲ್ಲು ಹೊತ್ತು ತಂದಾನ...”

ನೂರು ಮೊಳ ಶಾಲು ಹೊದಿಸಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಆಮೇಲಿನ ಪ್ರತಿ ಭಾನುವಾರ ತಾವರಗೇರಾದ ಬಸ್ಸಿನಲ್ಲಿ ನಾನಿರುತ್ತೇನೆ. ಧಾಟಿ ನನ್ನದು, ಬೈಗುಳ ಅವಳದು.

ಗಿರಣಿಯವನು ಒಳಗಿನಿಂದ ಕೂಗುತ್ತಿದ್ದಾನೆ: “ಮಾಸ್ತರ್ರ, ನಿಮ್ಮ ಪಾಳಿ ಬಂತ್ರಿ! ನಿಂತಲ್ಲೇ ನಿದ್ದಿ ಮಾಡಾಕತ್ತೀರೇನು?”

ನಿದ್ದೆಯಲ್ಲ. ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿದೆ, ಅದರ ಮೇಲೆ ಧಾಟಿಯನ್ನು ಕೂರಿಸಿ ನೋಡುತ್ತಿದ್ದೆ. ಇನ್ನೂ ಒಂದು ಸುತ್ತು ಬಾಕಿ ಇದೆ. ಹಿಂದಿದ್ದ ಹೆಣ್ಣುಮಗಳಿಗೆ, “ನೀ ಹೋಗವಾ ಮೊದಲ” ಎಂದೆ. ಆಕೆ ಅವಸರದಲ್ಲಿ ಡಬ್ಬಿ ಎತ್ತಿಕೊಳ್ಳುವಾಗ ನನ್ನ ಡಬ್ಬಿ ಸೊಟ್ಟಗಾಯಿತು. ಕಾಲು ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.