ಗೋಲ್‌ಕೀಪರ್‌ಗೆ ಮುಂದೆ ಹೋಗೆಂದ ಸಾವ್ಕಾರರು

ಸಿಂಧನೂರಿನ ಒಬ್ಬ ಅಕ್ಕಿ ಗಿರಣಿ ಸಾವ್ಕಾರರು ಪಕ್ಕದ ಆರ್.ಎಚ್. ಕ್ಯಾಂಪ್ ಎಂಬ ನಮ್ಮೂರಿನ ಫುಟ್‌ಬಾಲ್ ತಂಡವನ್ನು ಕೆಲವು ವರ್ಷ ಸಾಕಿದರು. ಕೆಡಿಸಿದರು ಎಂಬುದು ಇವತ್ತಿಗೂ ನನ್ನ ವಾದ. ಬಿಳಿ ಅಂಗಿಗೆ ತೌಡು ಮೆತ್ತಿಕೊಂಡೇ ಮೈದಾನಕ್ಕೆ ಬರುತ್ತಿದ್ದರು. ಕೂತಲ್ಲೇ ಗಾಳಿಯಲ್ಲಿ ಎರಡೂ ಕೈಯಿಂದ ಆಟಗಾರರನ್ನು ಮುಂದಕ್ಕೆ ತಳ್ಳುತ್ತಿದ್ದರು. "ನಿಂತ ಮಿಷನ್ ನನಗ ಬ್ಯಾಡ" ಎಂಬುದು ಅವರ ಕಾಯಂ ಮಾತು.

ವರ್ಷಾ ವರ್ಷ ನಡೆಯುವ ಮಸ್ಕಿ ಟೂರ್ನಿಯಲ್ಲಿ ಒಮ್ಮೆ ಲಿಂಗಸುಗೂರಿನವರ ಜೊತೆ ಫೈನಲ್ ಇತ್ತು. ಒಂದು ಗೋಲಿನಿಂದ ನಾವು ಮುಂದಿದ್ದೆವು. ಸಾವ್ಕಾರರ ಕಣ್ಣು ನಮ್ಮ ಗೋಲ್‌ಕೀಪರ್ ಮೇಲೆ ಬಿತ್ತು.

"ಕಂಬ ಕಾಯಾಕತ್ತಿ ಏನಲೇ? ಮುಂದ ಹೋಗಿ ಆಡು!"

ಬೂಟು ಕೊಡಿಸಿದವರ ಮಾತು, ಹುಡುಗ ಹೋದ. ಖಾಲಿ ಗೋಲಿಗೆ ಎರಡು ಸಲ ಚೆಂಡು ನುಗ್ಗಿತು. ಕಪ್ ಲಿಂಗಸುಗೂರಿಗೆ ಹೋಯಿತು. "ಇಂಥ ಮಾಲೀಕ ಬ್ಯಾಡ" ಎಂದು ನಾವು ಅಭಿಮಾನಿಗಳೇ ಕೂಗಿದೆವು. ಸಾವ್ಕಾರರು ತಂಡ ಬಿಟ್ಟರು. ಆಮೇಲೆ ತಂಡ ಎಲ್ಲಿಗೂ ಆಡಲು ಹೋಗಿಲ್ಲ.

ಮೊನ್ನೆ ಚಹಾದಂಗಡಿಯಲ್ಲಿ ಸಾವ್ಕಾರರ ತಪ್ಪುಗಳನ್ನು ಮತ್ತೆ ಒಂದೊಂದಾಗಿ ಸಾಬೀತು ಮಾಡುತ್ತಿದ್ದೆ. ಅದೇ ಗೋಲ್‌ಕೀಪರ್ ಎದುರಿಗೆ ಕೂತಿದ್ದ.

"ಎಲ್ಲಾ ಖರೆ ದೋಸ್ತ. ಈ ವರ್ಷ ನಮ್ಮನ್ನ ಮಸ್ಕಿಗೆ ಯಾರು ಕರಕೊಂಡು ಹೋಗ್ತಾರ?"

"ಯಾರಾದ್ರೂ ಛಲೋ ಮಾಲೀಕ ಸಿಗ್ತಾನ ತಗೋ."

"ಹೋದ ವರ್ಷನೂ ನೀ ಇದನ್ನ ಅಂದಿದ್ದಿ."