ಜಮೇದಾರನ ಜೊತೆ ಹೈಸ್ಕೂಲಿಗೆ

ನಾಯಿ ಕಂಡರೆ ನನಗೆ ಭಯ. ಈ ವಯಸ್ಸಿನಲ್ಲಿ ಇದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ನೆಂಟರ ಮನೆಗೆ ಹೋದರೆ ಗೇಟಿನ ಹೊರಗೇ ನಿಂತು "ನಾಯಿ ಕಟ್ಟಿದ್ದೀರಾ?" ಎಂದು ಕೂಗುತ್ತೇನೆ. ಒಳಗಿನಿಂದ "ಅದು ಏನೂ ಮಾಡಲ್ಲ, ಬನ್ನಿ" ಎಂಬ ಉತ್ತರ ಬರುತ್ತದೆ. ಆ ಮಾತನ್ನು ನಾಯಿಯೇ ಹೇಳಿದ್ದರೆ ನಂಬುತ್ತಿದ್ದೆನೋ ಏನೋ.

ಇಂಥ ನನಗೆ ಹದಿನಾಲ್ಕನೆಯ ವಯಸ್ಸಿನಲ್ಲಿ, ನಾಯಿ ಸಾಕುತ್ತೀಯೋ ಓದು ಬಿಡುತ್ತೀಯೋ ಎಂಬ ಪ್ರಶ್ನೆ ಎದುರಾಯಿತು.

ಅದು ಅರವತ್ತರ ದಶಕ. ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ನಮ್ಮ ಕಡೆಯ ಮಣ್ಣುರಸ್ತೆಗಳಲ್ಲಿ ಅದುವರೆಗೆ ಕಾಣದ ಲಾರಿಗಳೂ ಗುರುತಿಲ್ಲದ ಮುಖಗಳೂ ಓಡಾಡಲು ಶುರುವಾಗಿದ್ದವು. ನಮ್ಮ ಹಳ್ಳಿಯಲ್ಲಿ ಇದ್ದದ್ದು ಮಿಡ್ಲ್ ಸ್ಕೂಲು ಮಾತ್ರ. ಹೈಸ್ಕೂಲು ಬೇಕೆಂದರೆ ಕಾಡು ದಾಟಿ, ಹಳ್ಳಕ್ಕೆ ಅಡ್ಡ ಹಾಕಿದ ದಿಮ್ಮಿಯ ಸಂಕ ದಾಟಿ, ಹೊಸನಗರ ಪೇಟೆಗೆ ನಡೆಯಬೇಕು. ಎಂಟನೆಯ ಕ್ಲಾಸಿನ ವರ್ಷವೆಲ್ಲ ಮೇಲ್ಮನೆಯ ಗಿರಿಜಕ್ಕನ ಸೆರಗು ಹಿಡಿದು ಹೋಗಿಬಂದೆ. ಆಮೇಲೆ ಗಿರಿಜಕ್ಕ ಎಸ್ಸೆಸ್ಸೆಲ್ಸಿ ಮುಗಿಸಿದಳು, ಮುಗಿಸಿದ ಕೂಡಲೇ ಮದುವೆಯಾಗಿ ಹೋದಳು. ಊರಿನಿಂದ ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಉಳಿದವಳು ನಾನೊಬ್ಬಳೇ.

ನನ್ನ ಅಪ್ಪಯ್ಯನದು ಎತ್ತಿನ ಗಾಡಿಯ ಬಾಡಿಗೆ. ತೀರ್ಥಹಳ್ಳಿಯ ಮಿಲ್ಲಿಗೆ ಭತ್ತ ಹೊಡೆಯುವುದು, ಸಾಗರದಿಂದ ಉಪ್ಪು, ಬೆಲ್ಲ ತರುವುದು. ಹೋದರೆ ಎರಡು ಮೂರು ದಿನ ಮನೆ ಕಡೆ ಬರುವಂತಿಲ್ಲ. ಬೇಸಿಗೆ ರಜೆ ಶುರುವಾದ ದಿನವೇ ಅಪ್ಪಯ್ಯ ಜಗಲಿಯಲ್ಲಿ ಕೂತು ಹೇಳಿಬಿಟ್ಟ.

"ಸಾಕು ನಾಗು, ಇಷ್ಟು ಓದಿದ್ದು. ಒಂಟಿ ಹುಡ್ಗೀನ ಆ ದಾರೀಲಿ ಕಳ್ಸಿ, ನಾನು ಗಾಡಿ ಮೇಲೆ ನಿದ್ದೆ ಮಾಡಕ್ಕಾಗ್ತದಾ?"

ಗಾಡಿಯ ಮೇಲೆ ನಿದ್ದೆ ಮಾಡುವುದು ಅಪ್ಪಯ್ಯನ ವೃತ್ತಿಯ ಒಂದು ಭಾಗವೇ ಆಗಿತ್ತು. ದಾರಿ ಎತ್ತುಗಳಿಗೆ ಗೊತ್ತಿತ್ತು. ಆದ್ದರಿಂದ ಆ ಮಾತಿನ ತೂಕ ನಮಗೆಲ್ಲ ಅರ್ಥವಾಯಿತು.

ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು: "ಒಂದು ನಾಯಿ ಸಾಕಿದ್ರೆ ಹೆಂಗೆ? ಜೊತೆಗೆ ಹೋಗಿ ಬರ್ತದೆ."

ಅವ್ವನಿಗೆ ಓದು ಬಾರದು. ಒಮ್ಮೆ ತಂಗಿಯ ಬಾಣಂತನಕ್ಕೆಂದು ತೀರ್ಥಹಳ್ಳಿಗೆ ಹೊರಟವಳು, ಬಸ್ಸಿನ ಬೋರ್ಡು ಓದಲಾರದೆ, ಯಾರನ್ನೂ ಕೇಳಲು ಸಂಕೋಚಪಟ್ಟು, ಸಾಗರದಲ್ಲಿ ಹೋಗಿ ಇಳಿದಿದ್ದಳು. ಬಾಣಂತಿಯ ಲೇಹ್ಯದ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅತ್ತಳಂತೆ. ಆ ದಿನದಿಂದ ಅವಳ ಪಾಲಿಗೆ ವಿದ್ಯೆ ಎಂದರೆ ಸರಿಯಾದ ಬಸ್ಸು ಹತ್ತುವುದು. ಮಗಳು ಸರಿಯಾದ ಬಸ್ಸು ಹತ್ತಬೇಕು, ಅಷ್ಟೇ.

ಅಪ್ಪಯ್ಯ ನಕ್ಕ. "ನಾಯಿ? ಆ ಕಾಡಲ್ಲಿರೋದು ಚಿರತೆ, ಮಾರಾಯ್ತಿ. ಚಿರತೆಗೆ ನಾಯಿ ಅಂದ್ರೆ ನಮಗೆ ಕಡುಬು ಇದ್ದ ಹಾಗೆ. ಇವಳ ಜೊತೆ ನಾಯಿ ಕಳ್ಸೋದು ಅಂದ್ರೆ ಬುತ್ತಿ ಕಟ್ಟಿ ಕಳ್ಸಿದಂಗೆ."

ಅಪ್ಪಯ್ಯ ಹೇಳಿದ್ದು ನಿಜ. ಚಿರತೆಗಳು ನಮ್ಮೂರಿನ ನಾಯಿಗಳನ್ನು ಜಗಲಿಯಿಂದಲೇ ಎತ್ತಿಕೊಂಡು ಹೋಗುತ್ತಿದ್ದವು. ಆದರೆ ಅವ್ವ ಬಿಡಲಿಲ್ಲ. ಚಿರತೆ ಬೆಳಗ್ಗೆ ಒಂಬತ್ತು ಗಂಟೆಗೆ ಯಾರನ್ನೂ ಹಿಡಿದದ್ದಿಲ್ಲ, ಮನುಷ್ಯರ ಭಯಕ್ಕೆ ನಾಯಿ ಆಗುತ್ತದೆ ಎಂಬುದು ಅವಳ ವಾದ. ರಜೆಯಿಡೀ ಈ ಚರ್ಚೆ ನಡೆಯಿತು. ನಾನು ಕ್ಲಾಸಿನಲ್ಲಿ ಕೂತಾಗ ನಾಯಿ ಎಲ್ಲಿ ಕೂರುತ್ತದೆ? ಪೇಟೆಯ ನಾಯಿಗಳು ಸುಮ್ಮನಿರುತ್ತವೆಯೇ? ಒಬ್ಬ ಹುಡುಗಿಯ ಓದಿನ ಬಗ್ಗೆ ಅಷ್ಟು ದಿನ ಮಾತಾಡಿದ್ದರೆ ಯಾರಾದರೂ ಬೇಸರಪಡುತ್ತಿದ್ದರು. ನಾಯಿಯ ವಿಷಯವಾದ್ದರಿಂದ ಊರವರೆಲ್ಲ ಬಂದು ಜಗಲಿಯಲ್ಲಿ ಕೂತು ಅಭಿಪ್ರಾಯ ಹೇಳಿ ಹೋದರು.

ಕೊನೆಗೆ ಅಪ್ಪಯ್ಯ ನನ್ನನ್ನೇ ಕರೆದ.

"ನೋಡು, ತೀರ್ಥಹಳ್ಳಿ ಮಿಲ್ಲಲ್ಲಿ ಒಂದು ನಾಯಿ ಇದೆ. ತಗೊಂಡು ಹೋಗು ಅಂತಾರೆ. ತರ್ತೀನಿ. ಆದ್ರೆ ಅನ್ನ ಹಾಕೋದು ನೀನೇ, ಹಗ್ಗ ಹಿಡಿಯೋದೂ ನೀನೇ. ಅವ್ವನ ಕೈಲಿ ಮಾಡಿಸಂಗಿಲ್ಲ. ಆಗ್ತದಾ ಹೇಳು. ಆಗಲ್ಲಾಂದ್ರೆ ಶಾಲೆ ಮಾತು ಇವತ್ತಿಗೆ ಮುಗೀತು."

ಅಪ್ಪಯ್ಯ ಜಾಣ. ಕೆಳಮನೆ ದ್ಯಾವಮ್ಮನ ಕುಂಟುನಾಯಿ ಎದುರಾದರೂ ನಾನು ಗದ್ದೆಗೆ ಇಳಿದು ಸುತ್ತು ಹಾಕುವುದು ಅವನಿಗೆ ಗೊತ್ತಿತ್ತು. ಬೇಡವೆಂಬ ಮಾತು ನನ್ನ ಬಾಯಿಂದಲೇ ಬರಲಿ ಎಂದು ಕಾದಿದ್ದ. ನಾನು ಎರಡು ದಿನ ಸಮಯ ಕೇಳಿದೆ.

ಆ ಎರಡು ದಿನ ನಾನು ನಾಯಿಯ ಬಗ್ಗೆ ಯೋಚಿಸಿದಷ್ಟು ಲೆಕ್ಕದ ಬಗ್ಗೆ ಎಂದೂ ಯೋಚಿಸಿಲ್ಲ. ನಮ್ಮ ಭಾಷೆಯಂತೂ ನನ್ನ ಸಹಾಯಕ್ಕೆ ಬರಲಿಲ್ಲ. ಮಳೆ ತಡೆಯದ ಕೊಡೆ ನಾಯಿಕೊಡೆ. ಬಿಡದ ಕೆಮ್ಮು ನಾಯಿಕೆಮ್ಮು. ಬಾಳು ಕೆಟ್ಟರೆ ಅದು ನಾಯಿಪಾಡು. ಉಪಯೋಗವಿಲ್ಲದ್ದನ್ನೆಲ್ಲ ನಾಯಿಯ ಹೆಸರಿಗೆ ಬರೆದುಬಿಟ್ಟಿದ್ದೇವೆ. ಅಷ್ಟಾಗಿಯೂ ಅದು ನಮ್ಮ ಅಂಗಳ ಬಿಟ್ಟು ಹೋಗಿಲ್ಲ. ಇಷ್ಟು ಅನ್ನಿಸಿಕೊಂಡೂ ಬಾಗಿಲಲ್ಲೇ ಕೂತಿರುವ ಪ್ರಾಣಿ ನನ್ನನ್ನು ಕಚ್ಚಲು ಇರುವ ಕಾರಣವಾದರೂ ಏನು ಎಂದುಕೊಂಡೆ. ಕಾರಣ ಬಹಳ ಇದೆ ಎಂದೂ ಅನ್ನಿಸಿತು. ಮೂರನೆಯ ದಿನ ಅಪ್ಪಯ್ಯನ ಮುಂದೆ ನಿಂತು "ಆಗ್ತದೆ" ಅಂದೆ. ಅಪ್ಪಯ್ಯನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಮುಂದಿನ ವಾರ ಗಾಡಿಯಲ್ಲಿ, ಬುಟ್ಟಿಗಳ ನಡುವೆ, ನಾಯಿ ಬಂತು. ಕಪ್ಪು ಮೈ, ದೊಡ್ಡ ಗಾತ್ರ, ಮೂತಿಯ ಎರಡೂ ಕಡೆ ಬಿಳಿ ಮೀಸೆಯಂಥ ಕೂದಲು. ಅಪ್ಪಯ್ಯ ಅದನ್ನು ಜಮೇದಾರ ಎಂದು ಕರೆದ. ಗಾಡಿಯಿಂದ ಇಳಿದ ಜಮೇದಾರ ಅಂಗಳದಲ್ಲಿ ಗಂಭೀರವಾಗಿ ನಾಲ್ಕು ಹೆಜ್ಜೆ ಹಾಕಿದ. ಅಷ್ಟರಲ್ಲಿ ಮರಿಗಳ ಜೊತೆಗಿದ್ದ ನಮ್ಮ ಹೇಂಟೆ ರೆಕ್ಕೆ ಕೆದರಿ ಅವನ ಮೇಲೆ ಬಂತು. ಜಮೇದಾರ ಗಾಡಿಯ ಅಡಿಗೆ ಓಡಿ, ಬಾಲ ಮಡಚಿಕೊಂಡು, ಕತ್ತಲಾಗುವವರೆಗೆ ಹೊರಗೆ ಬರಲಿಲ್ಲ.

ನಾನು ಅನ್ನದ ತಟ್ಟೆಯನ್ನು ದೂರದಿಂದ ಕೋಲಿನಲ್ಲಿ ನೂಕಿದೆ. ಕೋಲು ಕಂಡು ಅವನು ಇನ್ನೂ ಹಿಂದೆ ಸರಿದ. ನಾನು ಅವನಿಗೆ ಹೆದರಿ ಇತ್ತ, ಅವನು ನನಗೆ ಹೆದರಿ ಅತ್ತ, ನಡುವೆ ಅನ್ನ ತಣ್ಣಗಾಗುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೋಲು ಬಿಸಾಕಿ ತಟ್ಟೆಯನ್ನು ಕೈಯಲ್ಲೇ ಅವನ ಮುಂದಿಟ್ಟೆ. ಉಣ್ಣುತ್ತಿರುವಾಗ ಅವನ ಬೆನ್ನು ನಡುಗುತ್ತಿತ್ತು. ಆ ನಡುಕ ನನಗೆ ಪರಿಚಯದ್ದು. ಒಂದು ಬೆರಳಿನಿಂದ ಮುಟ್ಟಿದೆ.

"ಇದನ್ನ ಕಾಯಕ್ಕೆ ಇನ್ನೊಂದು ನಾಯಿ ತರ್ಬೇಕು," ಎಂದ ಅಪ್ಪಯ್ಯ. "ಮುಂದಿನ ಸಲ ಹೋಗುವಾಗ ವಾಪಸ್ ಬಿಟ್ಟು ಬರ್ತೀನಿ."

"ಆಗಸ್ಟ್ ತನಕ ನೋಡು ಅಪ್ಪಯ್ಯ," ಅಂದೆ. ನಾಯಿಯನ್ನು ಕಂಡರೆ ಓಡುತ್ತಿದ್ದ ನಾನು ನಾಯಿಯ ಪರವಾಗಿ ವಕಾಲತ್ತು ವಹಿಸಿದ್ದು ಅದೇ ಮೊದಲು. ಅಪ್ಪಯ್ಯ ಮನಸ್ಸಿಲ್ಲದೆ ಒಪ್ಪಿದ.

ಜೂನಿನಲ್ಲಿ ಶಾಲೆ ಶುರುವಾಯಿತು. ಜಮೇದಾರ ಮುಂದೆ ನಡೆದು ನನ್ನನ್ನು ಕಾಯುತ್ತಾನೆಂದು ನೀವು ತಿಳಿದಿದ್ದರೆ ತಪ್ಪು. ಅವನು ನನ್ನ ಲಂಗದ ಹಿಂದೆ ನಡೆಯುತ್ತಿದ್ದ. ದ್ಯಾವಮ್ಮನ ಕುಂಟುನಾಯಿ ಬೊಗಳಿದ ಕೂಡಲೇ ಆಕಾಶ ಕಳಚಿ ಬಿದ್ದಂತೆ ಊಳಿಟ್ಟ. ದ್ಯಾವಮ್ಮ ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು.

"ಯಾರೇ ಅದು? ನಾಗುವಾ? ಒಬ್ಳೇ ಹೊರಟ್ಯಾ?"

ಮುಂದೆ ಆಚಾರಿಯ ಕುಲುಮೆ. ಅಲ್ಲಿ ಎರಡು ನಾಯಿ. ಜಮೇದಾರನ ಆರ್ತನಾದಕ್ಕೆ ಆಚಾರಿ ತಿದಿ ಒತ್ತುವುದನ್ನು ಬಿಟ್ಟು ಓಡಿಬಂದ. "ಕೊಲೆ ಆಯ್ತೇನೋ ಅಂದ್ಕೊಂಡೆ ಮಾರಾಯ್ತಿ! ನೀನು ಗಾಡಿ ಮಂಜಪ್ಪನ ಮಗಳಲ್ವಾ?" ಎಂದು ತನ್ನ ನಾಯಿಗಳನ್ನು ಹಿಡಿದು ನಿಂತ. ಹಳ್ಳದ ಸಂಕದ ಮೇಲೆ ಕಾಲಿಡಲು ಜಮೇದಾರ ಒಪ್ಪಲಿಲ್ಲ. ಅಲ್ಲಿಯೂ ಊಳು. ಅತ್ತ ಗದ್ದೆಯಲ್ಲಿದ್ದವರು ಬಂದು, ಸಂಕದ ಕೊನೆಯಲ್ಲಿ ಕೂತು "ಬಾ ಬಾ" ಎಂದು ಕರೆದು ದಾಟಿಸಿಕೊಂಡರು. ನಾಚಿಕೆಯಿಂದ ಸತ್ತು ಹೋಗುವಂತಾಯಿತು. ಗಿರಿಜಕ್ಕನ ಜೊತೆ ವರ್ಷವಿಡೀ ನಡೆದಾಗ ಈ ಮನೆಗಳಿಂದ ಒಬ್ಬರೂ ನನ್ನನ್ನು ಮಾತಾಡಿಸಿರಲಿಲ್ಲ. ನಾವು ತಲೆ ತಗ್ಗಿಸಿ ಮರ್ಯಾದೆಯಿಂದ ಹೋಗಿ ಬರುತ್ತಿದ್ದೆವು.

ಶಾಲೆಯಲ್ಲಿ ಜಮೇದಾರನನ್ನು ಹೊರಗೆ ಬಿಟ್ಟು ಕ್ಲಾಸಿಗೆ ಹೋದೆ. ಹತ್ತು ನಿಮಿಷದಲ್ಲಿ ಅವನು ಬೆಂಚಿನ ಅಡಿಯಲ್ಲಿದ್ದ. ಹೆಡ್‌ಮಾಸ್ತರರು ಬಂದು ಕನ್ನಡಕ ತೆಗೆದು ನೋಡಿ, ಹಾಕಿಕೊಂಡು ನೋಡಿ, "ಇದು ಯಾವ ಸೆಕ್ಷನ್?" ಎಂದರು. ಕನ್ನಡ ಪಂಡಿತರು ಮಾತ್ರ ನನ್ನ ಪರ. "ದತ್ತಾತ್ರೇಯರ ಪಾದದ ಹತ್ತಿರ ಇರೋ ನಾಲ್ಕು ನಾಯಿಗಳು ನಾಲ್ಕು ವೇದಗಳು ಸಾರ್. ವೇದವೇ ಕ್ಲಾಸಿಗೆ ಬಂದರೆ ಓಡಿಸೋದು ಹೇಗೆ?" ಅಂದರು. ಹೆಡ್‌ಮಾಸ್ತರರು ವೇದವನ್ನು ಕಾಂಪೌಂಡಿನ ಹೊರಗೆ ಕಟ್ಟಿ ಬರಲು ನನಗೆ ಹೇಳಿದರು.

ಕಟ್ಟುವುದು ಎಲ್ಲಿ? ಶಾಲೆಯ ಪಕ್ಕದಲ್ಲಿ ಶಾಂತಮ್ಮನವರ ಮನೆ. ಜೈನರು. ಗಂಡ ಜವಳಿ ವ್ಯಾಪಾರಿ, ಮಕ್ಕಳು ದೂರದಲ್ಲಿ. ಬಹಳ ಕಟ್ಟುನಿಟ್ಟಿನ ಹೆಂಗಸೆಂದು ಹೆಸರು. ನಾನು ಅವರ ಅಂಗಳದ ಅಂಚಿನಲ್ಲಿ ಹಗ್ಗ ಹಿಡಿದು ನಿಂತೆ.

"ನಮ್ಮನೇಲಿ ನಾಯಿ ಸಾಕೋ ಪದ್ಧತಿ ಇಲ್ಲಮ್ಮ," ಎಂದರು ಶಾಂತಮ್ಮ.

ನಾನು ತಿರುಗಿದೆ. ಜಮೇದಾರ ತಿರುಗಲಿಲ್ಲ. ಅವನು ಅವರ ಜಗಲಿಯ ಕಂಬದ ಬಳಿ ಮೈ ಚೆಲ್ಲಿ, ದೊಡ್ಡದಾಗಿ ನಿಟ್ಟುಸಿರು ಬಿಟ್ಟ. ಶಾಂತಮ್ಮ ಅವನನ್ನು ಬಹಳ ಹೊತ್ತು ನೋಡಿದರು.

"ಓಡ್ಸೋ ಪದ್ಧತೀನೂ ಇಲ್ಲ," ಎಂದರು ಕೊನೆಗೆ. "ಇರ್ಲಿ. ಆದ್ರೆ ಇಲ್ಲಿ ಅನ್ನ ಹಾಕೋದು ಹೊತ್ತು ಮುಳುಗೋದ್ರೊಳಗೆ. ಆಮೇಲೆ ಕೇಳಿದ್ರೆ ಸಿಗಲ್ಲ. ಹೇಳು ಅವನಿಗೆ."

ಹೀಗೆ ಜಮೇದಾರ ಹಗಲಿನಲ್ಲಿ ಶಾಂತಮ್ಮನವರ ಜಗಲಿಯಲ್ಲಿ ಸಾತ್ವಿಕ ಊಟದ ನಾಯಿಯಾದ. ಬೆಳಗ್ಗೆ ಮತ್ತು ಸಂಜೆ ದಾರಿಯುದ್ದಕ್ಕೂ ಊಳಿಟ್ಟು ಜನ ಸೇರಿಸುವುದು ತಪ್ಪಲಿಲ್ಲ. ದಿನಗಳು ಕಳೆದಂತೆ ದ್ಯಾವಮ್ಮ ಹೊರಗೆ ಬರುವಾಗ ಒಂದು ಸೌತೆಕಾಯಿ ತರತೊಡಗಿದಳು. ಆಚಾರಿ ನನ್ನ ಕೊಡೆಯ ಕಡ್ಡಿ ಸರಿಮಾಡಿಕೊಟ್ಟ. ಸಂಕದ ಹತ್ತಿರದ ಗದ್ದೆಯವರು, ನಾಯಿಗೆ ಕಾಲಿಡಲು ಅನುಕೂಲವಾಗಲೆಂದು ಪಕ್ಕಕ್ಕೆ ಇನ್ನೊಂದು ದಿಮ್ಮಿ ಹಾಕಿದರು. ನಾಯಿಯೇನೋ ಆಗಲೂ ಯಾರಾದರೂ ಕರೆಯದೆ ಕಾಲಿಡಲಿಲ್ಲ, ಊರವರಿಗೆಲ್ಲ ಅನುಕೂಲವಾಯಿತು.

ಆಗಸ್ಟ್ ಬಂತು. ಅಪ್ಪಯ್ಯ ಮಾತು ಮರೆಯುವವನಲ್ಲ. ಮರುದಿನ ತೀರ್ಥಹಳ್ಳಿಗೆ ಹೊರಡುವುದಿತ್ತು, ನಾಯಿಗೆಂದು ಬುಟ್ಟಿಯನ್ನೂ ತೆಗೆದಿಟ್ಟಿದ್ದ. ಅಂದು ಸಂಜೆ ಮೋಡ ಕವಿಯಿತು. ಶಾಲೆಯಿಂದ ಬರುವ ಹೊತ್ತು ಮೀರಿದರೂ ನಾನು ಬರಲಿಲ್ಲ. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಹುಡುಕಿ ಹೊರಟ. ಆ ನಡಿಗೆಯ ಕಥೆಯನ್ನು ಅವನು ಅವ್ವನಿಗೆ ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೇನೆ.

ದ್ಯಾವಮ್ಮನ ಮನೆ ಮುಂದೆ ಅವನು ಬಾಯಿ ತೆರೆಯುವ ಮೊದಲೇ ಅವಳು ಕೂಗಿದಳಂತೆ: "ನಾಗು ಇನ್ನೂ ದಾಟಿಲ್ಲ ಮಂಜಣ್ಣ. ದಾಟಿದ್ರೆ ನನಗೆ ಕೇಳ್ತಿತ್ತು." ಆಚಾರಿ ಲಾಟೀನು ಹಚ್ಚಿಕೊಂಡು ಆಗಲೇ ಹೊರಗೆ ನಿಂತಿದ್ದ. "ನಾನೂ ಅದನ್ನೇ ನೋಡ್ತಾ ಇದ್ದೆ. ಜಮೇದಾರನ ಸದ್ದಿಲ್ಲ. ಅಂದ್ರೆ ಪೇಟೇಲೇ ಇದಾಳೆ, ಹೆದರಬೇಡ." ಸಂಕದ ಹತ್ತಿರ ಗದ್ದೆಯವನೊಬ್ಬ ಕೂತಿದ್ದ. ಹಳ್ಳ ಏರಿದ್ದರಿಂದ ಹುಡುಗಿಯನ್ನು ದಾಟಿಸಿಯೇ ಮನೆಗೆ ಹೋಗೋಣವೆಂದು ಕಾದಿದ್ದನಂತೆ.

ಅಪ್ಪಯ್ಯ ಪೇಟೆ ತಲುಪಿದಾಗ ನಾನು ಶಾಂತಮ್ಮನವರ ಜಗಲಿಯಲ್ಲಿ ಕೂತು ಭೂಗೋಳ ಓದುತ್ತಿದ್ದೆ. ಜಮೇದಾರ ಹೊತ್ತು ಮುಳುಗುವ ಮುಂಚೆಯೇ ಉಂಡು ಮಲಗಿದ್ದ.

"ಮೋಡ ನೋಡಿ ನಾನೇ ಕೂರಿಸ್ಕೊಂಡೆ," ಎಂದರು ಶಾಂತಮ್ಮ. "ನೀವು ಬರ್ದಿದ್ರೆ ಇಲ್ಲೇ ಮಲಗಿಸ್ತಿದ್ದೆ. ಯಾಕೆ ಓಡಿಬಂದ್ರಿ?"

"ಹುಡ್ಗಿ ಒಂಟಿ ಅಲ್ವಾ ಅಮ್ಮ, ದಾರೀಲಿ…" ಎಂದು ಅಪ್ಪಯ್ಯ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿದ. ತಾನು ಈಗಷ್ಟೇ ನಡೆದುಬಂದ ದಾರಿ ಅವನ ಕಣ್ಣ ಮುಂದೆ ಬಂದಿರಬೇಕು. ಗಾಡಿ ಹೊಡೆಯುವವನು ಅವನು, ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಓಡಾಡಿದ್ದ. ಅಂದು ಅದು ಬೇರೆ ದಾರಿಯಂತೆ ಕಂಡಿತಂತೆ. ಬಗ್ಗಿ ಜಮೇದಾರನ ಹಗ್ಗ ಬಿಚ್ಚಿದ. "ಏಳಪ್ಪ ಜಮೇದಾರ, ಮನೆಗೆ ಹೋಗಣ," ಎಂದ. ಮರುದಿನ ಆ ಬುಟ್ಟಿಯಲ್ಲಿ ಕುಂಬಳಕಾಯಿ ತುಂಬಿಕೊಂಡು ತೀರ್ಥಹಳ್ಳಿಗೆ ಹೋದ.

ನನಗೆ ಅಂದು ಅರ್ಥವಾಗದ್ದು ಆಮೇಲೆ ಅರ್ಥವಾಯಿತು. ಧೈರ್ಯಶಾಲಿ ನಾಯಿಯೊಂದು ಸಿಕ್ಕಿದ್ದರೆ ನಾನೂ ಅದೂ ಯಾರ ಹಂಗಿಲ್ಲದೆ ಗತ್ತಿನಿಂದ ನಡೆದು ಹೋಗುತ್ತಿದ್ದೆವು. ಹೆದರುಪುಕ್ಕಲ ನಾಯಿ ಹೆಜ್ಜೆಹೆಜ್ಜೆಗೂ ಸಹಾಯ ಬೇಡಿತು, ಜನ ಕೊಟ್ಟರು. ಕೊಡಲು ಅವರು ಮೊದಲಿನಿಂದಲೂ ಸಿದ್ಧರಿದ್ದರೆಂದು ಕಾಣುತ್ತದೆ, ಕೇಳಿದವರಿರಲಿಲ್ಲ.

ಮುಂದಿನ ಜೂನಿನಲ್ಲಿ ಊರಿನ ಇಬ್ಬರು ತಂದೆಯರು ನಮ್ಮ ಜಗಲಿಗೆ ಬಂದರು. "ಮಂಜಪ್ಪ, ಜಮೇದಾರನ ಜೊತೆ ನಮ್ಮ ಹುಡ್ಗೀರೂ ಹೋಗ್ಲಾ?" ನನ್ನ ಜೊತೆ ಎಂದು ಯಾರೂ ಕೇಳಲಿಲ್ಲ. ಎಸ್ಸೆಸ್ಸೆಲ್ಸಿಗೆ ಬಂದು, ಊರಿಗೆಲ್ಲ ಹಿರಿಯ ವಿದ್ಯಾರ್ಥಿನಿಯಾಗಿದ್ದ ನನಗೆ ಸ್ವಲ್ಪ ಮುಜುಗರವಾದದ್ದು ನಿಜ.

ಎಸ್ಸೆಸ್ಸೆಲ್ಸಿ ಪಾಸಾಗಿ ನಾನು ಮೇಡಂ ಆಗುವ ಟ್ರೈನಿಂಗಿಗೆ ಸಾಗರಕ್ಕೆ ಹೋದೆ. ಮೊದಲ ಸಲ ಊರಿಗೆ ಬಂದದ್ದು ಒಂದು ಬೆಳಗ್ಗೆ, ಮೊದಲ ಬಸ್ಸಿಗೆ ಪೇಟೆಯಲ್ಲಿ ಇಳಿದು, ನಡೆದುಕೊಂಡು. ತುಂಬ ದಿನದ ಮೇಲೆ ನನ್ನನ್ನು ಕಂಡು ಜಮೇದಾರ ಏನೇನು ಮಾಡಿಯಾನೆಂದು ಬಸ್ಸಿನಲ್ಲಿ ಕೂತು ಕಲ್ಪಿಸಿಕೊಂಡು ಬಂದಿದ್ದೆ. ಬೇಲಿಯ ಸರಗೋಲು ಸರಿಸಿ ಒಳಗೆ ಬರುವಾಗ ಅವನು ಅಂಗಳದಲ್ಲೇ ಇದ್ದ. ಓಡಿಬಂದು ಮೈಮೇಲೆ ಹತ್ತಿದ, ಕೈ ನೆಕ್ಕಿದ, ಒಂದು ಸುತ್ತು ಹಾಕಿದ. ಅಷ್ಟರಲ್ಲಿ ರಸ್ತೆಯಿಂದ "ಜಮೇದಾರಾ!" ಎಂಬ ಕೂಗು ಬಂತು. ಪುಸ್ತಕದ ಚೀಲ ಹೊತ್ತ ಐದಾರು ಹುಡುಗಿಯರು ನಿಂತಿದ್ದರು, ಪಕ್ಕದ ಹಳ್ಳಿಗಳಿಂದ ಬಂದ ಕೆಲವರ ಮುಖದ ಗುರುತೂ ನನಗಿರಲಿಲ್ಲ. ಅವನು ನನ್ನ ಕಡೆ ನೋಡಿದ, ಅವರ ಕಡೆ ನೋಡಿದ. ಕ್ಷಮೆ ಕೇಳುವಂತೆ ಬಾಲವನ್ನು ಒಮ್ಮೆ ಆಡಿಸಿ, ಅವರ ಹಿಂದೆ ಓಡಿಹೋದ.

"ಬೇಜಾರ್ ಮಾಡ್ಕೋಬೇಡ," ಎಂದಳು ಅವ್ವ, ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತ. "ಅವನಿಗೆ ಶಾಲೆಗೆ ಹೊತ್ತಾಯ್ತು."