ಹೊಳೆಯಾಚೆಯ ‘ಬತ್ತೆ’

ಹಾಸ್ಟೆಲಿನಲ್ಲಿ ಊಟವಾದ ಮೇಲೆ ಯಾರಾದರೂ ದೆವ್ವದ ಕತೆ ತೆಗೆದರೆ ಅದನ್ನು ಕೆಡಿಸುವ ಕೆಲಸ ನನ್ನದಾಗಿತ್ತು. ‘ನೀನು ಕಣ್ಣಾರೆ ನೋಡಿದ್ದೋ, ನಿನ್ನ ಸೋದರಮಾವ ನೋಡಿದ್ದೋ?’ ಎಂದು ಕೇಳುತ್ತಿದ್ದೆ. ಹೆಚ್ಚಾಗಿ ಸೋದರಮಾವನೇ ನೋಡಿರುತ್ತಿದ್ದ. ಮನಶ್ಶಾಸ್ತ್ರದ ಒಂದೆರಡು ಪುಸ್ತಕ ಓದಿಕೊಂಡಿದ್ದರಿಂದ, ನೆನಪು ಎನ್ನುವುದು ಹೇಗೆ ಹೇಳುವವನಿಗೆ ಬೇಕಾದಂತೆ ಬಗ್ಗುತ್ತದೆ ಎಂಬ ಭಾಷಣವನ್ನೂ ಮಾಡುತ್ತಿದ್ದೆ. ಈಗ ಅಂಥದ್ದೇ ಒಂದು ಸಂಗತಿಯನ್ನು ನಾನು ಬರೆಯಹೊರಟಿದ್ದೇನೆ. ಆ ಭಾಷಣವನ್ನು ನನಗೇ ಮತ್ತೆ ಮತ್ತೆ ಮಾಡಿಕೊಳ್ಳುತ್ತಿದ್ದೇನೆ ಎಂಬುದನ್ನು ಓದುಗರು ಮೊದಲೇ ತಿಳಿದಿರಲಿ.

ನಾನು ದಿನಚರಿ ಬರೆಯುವವನು. ಆದರೆ ಈ ವಿಷಯದಲ್ಲಿ ಅದರಿಂದ ಪ್ರಯೋಜನವಾಗಲಿಲ್ಲ. ಮರುದಿನ ಬರೆದದ್ದು ಇಷ್ಟೇ: ‘ಹೊಳೆಯ ಆಚೆಯಿಂದ ಉತ್ತರ ಬಂತು. ಯಾರೂ ಬರಲಿಲ್ಲ.’ ಉತ್ತರ ಏನು, ಯಾವ ಭಾಷೆಯಲ್ಲಿ, ಎಂಥ ಸ್ವರದಲ್ಲಿ ಎಂದು ಬರೆಯುವ ಬುದ್ಧಿ ಅಂದು ಇರಲಿಲ್ಲ. ಉಳಿದದ್ದೆಲ್ಲ ನೆನಪಿನಿಂದ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾವು ಮೂವರು, ದೀಪಾವಳಿ ಕಳೆದ ಮೇಲೆ ಕೆಲವು ದಿನ ರಜೆ ಸಿಕ್ಕಿದಾಗ ಘಟ್ಟದ ಕೆಳಗಿನ ಸೀಮೆ ಸುತ್ತಿ ಬರೋಣವೆಂದು ಹೊರಟೆವು. ಸಂಜೀವ ಪುತ್ತೂರಿನವನು, ಮನೆಮಾತು ತುಳು, ಬಾಯಿ ಸುಮ್ಮನಿರದ ಮನುಷ್ಯ. ಕೇಶವ ಹವ್ಯಕರ ಹುಡುಗ, ಮನೆಮಾತು ಹವಿಗನ್ನಡ. ಅವನ ಮನೆ ಕಡಬದಿಂದಾಚೆ, ಕುಮಾರಧಾರೆ ದಾಟಿ ಹೋಗಬೇಕು. ನಾನು ಮೈಸೂರು ಸೀಮೆಯವನು. ಸಂಜೀವ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಮೈಸೂರು’ ಎಂದೇ ಕರೆಯುತ್ತಿದ್ದ.

ಕೇಶವ ನಮ್ಮ ಜೊತೆ ಬಂದದ್ದು ಸುಬ್ರಹ್ಮಣ್ಯ ನೋಡಲು. ಮನೆಗೆ ಹೋಗುವ ಯೋಚನೆ ಅವನಿಗಿರಲಿಲ್ಲ. ಆದರೆ ಪುತ್ತೂರಿನ ಪೇಟೆಯಲ್ಲಿ ಅವನ ಊರಿನವರೊಬ್ಬರು ಸಿಕ್ಕಿ, ‘ನೀನು ಇಲ್ಲಿ ಎಂತ ಮಾಡುದು? ಅಪ್ಪನಿಗೆ ಮಾತು ನಿಂತು ದಿನ ಎಷ್ಟಾಯ್ತು, ನಿನಗೆ ಗೊತ್ತಿಲ್ವಾ?’ ಎಂದರು. ಆ ರಾತ್ರಿ ಕೇಶವ ಊಟ ಮಾಡಲಿಲ್ಲ. ಮರುದಿನ ಮಧ್ಯಾಹ್ನ, ‘ಮನೆಗೆ ಹೋಗ್ತೇನೆ, ನೀವು ಬರುದಾದರೆ ಬನ್ನಿ’ ಎಂದ.

ಬಸ್ಸಿನಲ್ಲಿ ಅವನೇ ಹೇಳಿದ. ತಂದೆ ನಾಲ್ಕಾರು ಗ್ರಾಮಗಳಿಗೆ ಪುರೋಹಿತರು. ಬಿ.ಎ. ಮುಗಿಸಿದ ಮಗ ಜೊತೆಗೆ ನಿಲ್ಲಬೇಕೆಂಬುದು ಅವರ ಆಸೆ. ಇವನು ಮೈಸೂರಿಗೆ ಹೊರಟ. ಮಾತಿಗೆ ಮಾತು ಬೆಳೆದು, ಜಗಲಿಯ ಮೆಟ್ಟಿಲಿಳಿಯುವಾಗ ‘ಹೋವುತ್ತೆ’, ಹೋಗುತ್ತೇನೆ, ಎಂದುಬಿಟ್ಟ.

‘ಅದರಲ್ಲೇನಿದೆ?’ ಎಂದೆ ನಾನು.

‘ನಮ್ಮಲ್ಲಿ ಹಾಗೆ ಹೇಳುವ ಕ್ರಮ ಇಲ್ಲ. ಹೊರಡುವವ ‘ಬತ್ತೆ’ ಹೇಳಬೇಕು. ಬರ್ತೇನೆ ಅಂತ. ‘ಹೋವುತ್ತೆ’ ಹೇಳಿದರೆ ಮತ್ತೆ ಬರುವುದಿಲ್ಲ ಅಂತ ಅರ್ಥ. ಅಮ್ಮ ಹಿಂದಿನಿಂದ ಓಡಿ ಬಂದಳು, ‘ಬತ್ತೆ ಹೇಳು ಮಗಾ, ಒಂದು ಸರ್ತಿ ಹೇಳು’ ಹೇಳಿ. ನಾನು ತಿರುಗಲಿಲ್ಲ.’

‘ನಮ್ಮ ತುಳುವಿನಲ್ಲಿ ಬತ್ತೆ ಅಂದರೆ ಬಂದಾಯ್ತು ಅಂತ,’ ಎಂದ ಸಂಜೀವ, ಅವನ ಮನಸ್ಸನ್ನು ಬೇರೆ ಕಡೆ ತಿರುಗಿಸಲು. ‘ಯಾನ್ ಬತ್ತೆ, ನಾನು ಬಂದೆ. ಆಯೆ ಬತ್ತೆ, ಅವನು ಬಂದ. ನಿಮ್ಮವರು ಬರ್ತೇನೆ ಅನ್ನುವಷ್ಟರಲ್ಲಿ ನಾವು ಬಂದು ಕೂತಾಗಿರ್ತದೆ.’

ಕೇಶವ ನಗಲಿಲ್ಲ.

ಉಪ್ಪಿನಂಗಡಿ ದಾಟಿದ ಮೇಲೆ ಬಸ್ಸು ಕೆಟ್ಟಿತು. ರಿಪೇರಿಯಾಗಿ ಕಡಬ ಮುಟ್ಟುವಾಗ ಕತ್ತಲು ಇಳಿದಿತ್ತು. ಬಸ್ಸು ನಿಲ್ಲುವಲ್ಲಿದ್ದ ಚಾ ಹೋಟೆಲಿನ ಯಜಮಾನರು ಕೇಶವನನ್ನು ಗುರುತಿಸಿದರು. ‘ಈಗ ಎಂತ ಹೋಗುದು ಮಾರಾಯ್ರೆ? ಕತ್ತಲಾದ ಮೇಲೆ ದೋಣಿ ಬಿಡುದಿಲ್ಲ. ಇಲ್ಲೇ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಹೋಗಿ,’ ಎಂದರು. ಕೇಶವ ಅಷ್ಟರಲ್ಲೇ ರಸ್ತೆಗಿಳಿದಾಗಿತ್ತು. ಅವರು ಒಂದು ಲಾಟೀನು ಕೊಟ್ಟರು. ಅದನ್ನು ಹಿಡಿದುಕೊಂಡು ನಾನು ಅವರಿಬ್ಬರ ಹಿಂದೆ ನಡೆದೆ.

ಹೊಳೆಯ ದಡ ಸಿಕ್ಕಿದಾಗ ಮೊದಲು ಸದ್ದು, ಆಮೇಲೆ ತಣ್ಣಗಿನ ಗಾಳಿ, ಕೊನೆಗೆ ನೀರು. ಮಳೆ ನಿಂತಿದ್ದರೂ ಹೊಳೆ ಇನ್ನೂ ತುಂಬಿತ್ತು. ಆಚೆ ದಡ ಕಪ್ಪಗೆ ಒಂದು ಗೋಡೆಯ ಹಾಗಿತ್ತು, ಎಲ್ಲೂ ಬೆಳಕಿಲ್ಲ. ದೋಣಿಯವನ ಗುಡಿಸಲು ಆಚೆ ದಡದ ಮೇಲೆ. ಕೇಶವನ ಮನೆ ಅಲ್ಲಿಂದ ಗುಡ್ಡ ಹತ್ತಿಳಿದು ಇನ್ನೂ ಎಷ್ಟೋ ದೂರ.

ಆ ಕಡೆಯ ಜನ ದೂರದವರನ್ನು ಕರೆಯುವುದಕ್ಕೆ ‘ಕೂ’ ಎಂದು ಕೂಗುತ್ತಾರೆ. ಅದಕ್ಕೆ ಕೂಕುಳು ಎನ್ನುತ್ತಾರೆ. ಸಂಜೀವ ಎರಡು ಕೈ ಬಾಯಿಗಿಟ್ಟು ಕೂಕುಳು ಹಾಕಿದ. ಉತ್ತರವಿಲ್ಲ. ಮತ್ತೆ ಹಾಕಿದ.

‘ನಿನ್ನದಕ್ಕೆ ಅವ ಏಳುವುದಿಲ್ಲ,’ ಎಂದ ಕೇಶವ. ‘ಅಪ್ಪ ಪೂಜೆ ಮುಗಿಸಿ ಬರುವಾಗ ಎಷ್ಟು ಹೊತ್ತಾದರೂ ಅವ ದೋಣಿ ತರ್ತಾನೆ. ಅಪ್ಪನ ಕೂಕುಳು ಅವನಿಗೆ ಗೊತ್ತುಂಟು.’

ಹಾಗೆಂದು ಅವನು ನೀರಿನ ಅಂಚಿಗೆ ಹೋಗಿ ತಂದೆಯ ಹಾಗೆ ಕೂಗಿದ. ಉದ್ದಕ್ಕೆ ಎಳೆದು, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ ತಟ್ಟನೆ ನಿಲ್ಲಿಸುವ ಕೂಗು. ಅವನಿಗೆ ಅಂಥ ಗಂಟಲಿದೆ ಎಂದು ನನಗೆ ತಿಳಿದಿರಲಿಲ್ಲ.

ಆಚೆಯಿಂದ ಉತ್ತರ ಬಂತು. ಒಂದೇ ಮಾತು. ಕೂಗಿದಂತಿರಲಿಲ್ಲ, ಪಕ್ಕದ ಕೋಣೆಯಿಂದ ಓಗೊಟ್ಟಂತಿತ್ತು. ಅಷ್ಟು ಅಗಲದ ನೀರನ್ನು ಅಷ್ಟು ಮೆಲ್ಲಗಿನ ಸ್ವರ ಹೇಗೆ ದಾಟಿತು ಎಂದು ಆಗ ಹೊಳೆಯಲಿಲ್ಲ.

ನನಗೆ ಕೇಳಿಸಿದ್ದು ‘ಬತ್ತಿ’ ಎಂದು. ಯಾರೋ ಬೆಳಕು ತೋರಿಸಲು ಹೇಳುತ್ತಿದ್ದಾರೆಂದುಕೊಂಡು ನಾನು ಲಾಟೀನಿನ ಬತ್ತಿ ಏರಿಸಿ ಮೇಲೆತ್ತಿ ಹಿಡಿದೆ. ಇದೊಂದು ಮಾತ್ರ ನನಗೆ ಖಚಿತ. ಏಕೆಂದರೆ ಗಾಜು ಕಪ್ಪಾಯಿತೆಂದು ಸಂಜೀವ ಬೈದ.

‘ಯಾಕೆ ಏರಿಸಿದ್ದು ಮೈಸೂರು?’

‘ಬತ್ತಿ ಅಂದರಲ್ಲ.’

‘ಬತ್ತಿ ಅಲ್ಲ ಮಾರಾಯ, ಬತ್ತೆ. ಬಂದೆ ಅಂದ. ಎದ್ದಿದ್ದಾನೆ, ದೋಣಿ ಬಿಡ್ತಾನೆ. ಕೂತ್ಕೊಳ್ಳಿ.’

ನಾವಿಬ್ಬರೂ ಕೂತೆವು. ಕೇಶವ ಕೂರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಅದು ದೋಣಿಯವ ಅಲ್ಲ. ತುಳು ಅಲ್ಲ ಅದು. ನಮ್ಮ ಭಾಷೆ,’ ಎಂದ.

‘ಎರಡೂ ಒಂದೇ ಶಬ್ದ ಅಲ್ವಾ! ನಿನಗೆ ಹೇಗೆ ಗೊತ್ತಾಯ್ತು?’

ದೋಣಿ ಬರಲಿಲ್ಲ. ದೋಣಿ ನೂಕುವ ಜಲ್ಲೆ ನೀರಿಗೆ ಬೀಳುವ ಸದ್ದಿಲ್ಲ, ಆಚೆ ಬೆಳಕಿಲ್ಲ. ಕೇಶವ ಮತ್ತೆ ಮತ್ತೆ ಕೂಗಿದ, ಗಂಟಲು ಒಡೆಯುವವರೆಗೂ. ಆ ರಾತ್ರಿ ಮತ್ತೆ ಉತ್ತರ ಬರಲಿಲ್ಲ. ಮರಳಿನಲ್ಲಿ ಅಲ್ಲಿಂದಿಲ್ಲಿಗೆ ನಡೆದ. ಕೂತ, ಎದ್ದ. ಕೊನೆಗೆ ಅಂಗಿ ಕಳಚತೊಡಗಿದ.

‘ಈಜಿ ದಾಟ್ತೇನೆ.’

‘ಅಪ್ಪನನ್ನು ನೋಡ್ಲಿಕ್ಕೆ ಹೋಗುದಾ, ಅಪ್ಪನಿಗಿಂತ ಮೊದಲು ಹೋಗುದಾ ನೀನು?’ ಎಂದು ಸಂಜೀವ ಅವನ ಕೈ ಹಿಡಿದೆಳೆದು ಕೂರಿಸಿದ. ಅಂಗಿಯನ್ನು ಕಿತ್ತುಕೊಂಡು ತಾನೇ ಅದರ ಮೇಲೆ ಕೂತ.

ಆಗ ಕೇಶವ ನಮಗಲ್ಲ, ನೀರಿಗೆ ಹೇಳುವಂತೆ ಹೇಳಿದ: ‘ಹೊರಡುವವ ಹೇಳುವ ಮಾತಲ್ವಾ ಅದು.’

ಅದುವರೆಗೆ ನಾನು ಆ ಮಾತನ್ನು ಹಾಗೆ ಯೋಚಿಸಿರಲಿಲ್ಲ. ಯೋಚಿಸಿದ ಮೇಲೆ ನನಗೂ ಕೂರಲಾಗಲಿಲ್ಲ. ಆ ರಾತ್ರಿ ನಾವು ಮೂವರೂ ನಿದ್ದೆ ಮಾಡಲಿಲ್ಲ. ಒಂದು ಮೀನು ನೀರಿನಿಂದ ಹಾರಿ ಬಿದ್ದರೂ ಮೂವರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು.

ಬೆಳಗಾಗುವಾಗ ದೋಣಿಯವ ಬಂದ. ಬಂದದ್ದು ಆಚೆಯಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ. ಹಿಂದಿನ ದಿನ ಕಡಬದ ಹತ್ತಿರ ಮಗಳ ಮನೆಗೆ ಬಂದವನು ಅಲ್ಲೇ ಉಳಿದಿದ್ದನಂತೆ. ದೋಣಿಯೂ ಈಚೆಯೇ, ಸ್ವಲ್ಪ ಕೆಳಗೆ ಬಿದಿರು ಮೆಳೆಯ ಮರೆಯಲ್ಲಿ ಕಟ್ಟಿತ್ತು. ‘ಆಚೆ ಯಾರಿದ್ದರು?’ ಎಂದು ಸಂಜೀವ ತುಳುವಿನಲ್ಲಿ ಕೇಳಿದ. ಯಾರೂ ಇಲ್ಲ, ಗುಡಿಸಲಿಗೆ ಬೀಗ ಹಾಕಿದೆ ಎಂದ. ‘ನೀನೇ ಓಗೊಟ್ಟೆಯಾ?’ ಎಂದರೆ, ‘ಯಾನ್ ಅತ್ತ್ ಅಣ್ಣೆರೆ,’ ನಾನಲ್ಲ ಎಂದು ಜಲ್ಲೆ ಎತ್ತಿದ. ದಾಟಿದ ಮೇಲೆ ಗುಡಿಸಲು ನೋಡಿದೆವು. ಬೀಗವಿತ್ತು.

ಗುಡ್ಡ ಇಳಿದು ಮನೆ ಕಾಣುವಾಗ ಕೇಶವನ ಕಾಲು ನಿಂತುಹೋಯಿತು. ಅಂಗಳದಲ್ಲಿ ಜನ ಸೇರಿದ್ದಾರೆಯೇ ಎಂದು ನೋಡುತ್ತಿದ್ದನೆಂದು ಕಾಣುತ್ತದೆ. ಜನ ಇರಲಿಲ್ಲ. ಅವನ ತಾಯಿ ಕೊಡ ಹಿಡಿದು ಹೊರಗೆ ಬಂದವರು ಮಗನನ್ನು ನೋಡಿ ಅಲ್ಲೇ ಇಟ್ಟರು.

‘ಬಂದೆಯಾ ಮಗಾ? ಇದ್ದವು, ಅಪ್ಪ ಇದ್ದವು. ಒಳ ಹೋಗು,’ ಎಂದರು. ಅಪ್ಪ ಇನ್ನೂ ಇದ್ದಾರೆ ಎಂದು.

ಅವನ ಅಕ್ಕ ಆಗಲೇ ಜಗಲಿಗೆ ಬಂದಿದ್ದಳು. ಹಿಂದಿನ ದಿನ ದೇವರಿಗೆ ದೀಪವಿಟ್ಟು ಸ್ವಲ್ಪ ಹೊತ್ತಾದ ಮೇಲೆ, ಎಷ್ಟೋ ದಿನದಿಂದ ಮಾತಿಲ್ಲದೆ ಮಲಗಿದ್ದ ತಂದೆ, ಯಾರೋ ಕರೆದ ಹಾಗೆ ತಲೆಯೆತ್ತಿ ‘ಬತ್ತೆ’ ಎಂದರಂತೆ. ಒಂದೇ ಸಲ. ‘ಆರೋ ದಿನಿಗೇಳಿದ ಹಾಂಗೆ,’ ಯಾರೋ ಕರೆದ ಹಾಗೆ, ಎಂದು ಅವಳು ಎರಡೆರಡು ಸಲ ಹೇಳಿದಳು. ಇನ್ನು ಆಯಿತು, ಹೊರಟರು ಎಂದೇ ಎಲ್ಲರಿಗೂ ಅನಿಸಿತು. ತಾಯಿ ಹೆದರಿ ಅವರ ಬಾಯಿಗೆ ಕೈ ಅಡ್ಡ ಹಿಡಿದರಂತೆ. ಎರಡನೆಯ ಸಲ ಓಗೊಡದಿರಲಿ ಎಂದು.

ಇಲ್ಲಿ ನಾನು ನಿಂತು ಯೋಚಿಸಬೇಕು. ಅಕ್ಕ ಇದನ್ನು ತಾನಾಗಿ ಹೇಳಿದಳೋ, ಅಥವಾ ಕೇಶವ ಮೊದಲು ‘ಅಪ್ಪ ಎಂತಾರು ಹೇಳಿದವಾ?’, ಏನಾದರೂ ಹೇಳಿದರೇ, ಎಂದು ಕೇಳಿದನೋ? ನನ್ನ ನೆನಪಿನಲ್ಲಿ ಎರಡೂ ಇವೆ. ಒಂದರಲ್ಲಿ ಅಕ್ಕ ಓಡಿ ಬಂದು ಹೇಳುತ್ತಾಳೆ. ಇನ್ನೊಂದರಲ್ಲಿ ಕೇಶವ ಮೆಟ್ಟಿಲ ಮೇಲೆ ನಿಂತು ಕೇಳುತ್ತಾನೆ, ಅವಳ ಮುಖ ಬಿಳುಚುತ್ತದೆ. ಅವನೇ ಮೊದಲು ಕೇಳಿದ್ದರೆ, ರೋಗಿಯ ನರಳಾಟ ‘ಬತ್ತೆ’ ಆಗಿಬಿಡುವುದು ಕಷ್ಟವಲ್ಲ. ಆದರೆ ಅವರು ತಲೆಯೆತ್ತಿದ್ದು? ತಾಯಿ ಬಾಯಿಗೆ ಕೈ ಹಿಡಿದದ್ದು? ಹೊತ್ತು ಒಂದೇ ಆಗಿತ್ತೇ ಎಂದು ಕೇಳೋಣವೆಂದರೆ ಅವರ ಮನೆಯಲ್ಲಿ ಗಡಿಯಾರವಿರಲಿಲ್ಲ, ನಮ್ಮ ಬಳಿಯೂ ಇರಲಿಲ್ಲ.

ಕೇಶವ ಒಳಗೆ ಹೋಗಿ ತಂದೆಯ ಕಾಲ ಬಳಿ ಕೂತ. ಅವರು ಕಣ್ಣು ತೆರೆದು ಮಗನನ್ನು ನೋಡಿದರು. ತುಂಬ ಹೊತ್ತು ನೋಡಿದರು. ಅವನು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳುವಾಗ ನಾನು ಹೊರಗೆ ಬಂದೆ. ನಾವಿದ್ದಷ್ಟು ಸಮಯ ಅವರು ಒಂದು ಮಾತೂ ಆಡಲಿಲ್ಲ.

ಎರಡು ರಾತ್ರಿ ಇದ್ದು ನಾನೂ ಸಂಜೀವನೂ ಹೊರಟೆವು. ಮೆಟ್ಟಿಲಿಳಿಯುವಾಗ ನಮ್ಮ ಕಡೆಯ ರೂಢಿಯಂತೆ ‘ಹೋಗ್ಬರ್ತೀನಿ’ ಎಂದೆ. ‘ಮೈಸೂರಿನವರು ಎರಡನ್ನೂ ಸೇರಿಸಿ ಹೇಳಿ ಬಚಾವಾಗ್ತಾರೆ,’ ಎಂದ ಸಂಜೀವ. ಆ ಮನೆಯಲ್ಲಿ ಅಂದೇ ಮೊದಲು ಕೇಶವನ ತಾಯಿ ನಕ್ಕದ್ದನ್ನು ನಾನು ಕಂಡೆ.

ಕೇಶವ ಹೊಳೆಯವರೆಗೆ ಬಂದ. ಮೈಸೂರಿಗೆ ಯಾವಾಗ ಬರುತ್ತೀಯೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ದೋಣಿ ನಡುಹೊಳೆಗೆ ಬಂದಾಗ ಸಂಜೀವ ಹಗುರವಾದ ಮನಸ್ಸಿನಿಂದ, ಸುಮ್ಮನೆ, ಒಂದು ಕೂಕುಳು ಹಾಕಿದ. ನಾವು ಬಿಟ್ಟು ಬಂದ ದಡದಿಂದ ‘ಬತ್ತೆ’ ಎಂದು ಉತ್ತರ ಬಂತು. ಹಾಡುಹಗಲು. ಈ ಸಲ ನನಗೂ ಸರಿಯಾಗಿಯೇ ಕೇಳಿಸಿತು. ಕೂಗಿದಂತಿರಲಿಲ್ಲ. ದೋಣಿಯವ ಜಲ್ಲೆ ಊರುವುದನ್ನು ಒಂದು ಕ್ಷಣ ನಿಲ್ಲಿಸಿದ. ತಿರುಗಿ ನೋಡಿದರೆ ಕೇಶವ ಆಗಲೇ ನಮಗೆ ಬೆನ್ನು ಹಾಕಿ ದಡ ಹತ್ತುತ್ತಿದ್ದ.

‘ಬರ್ತಾನೆ ನೋಡು, ಮಾತು ಕೊಟ್ಟ,’ ಎಂದ ಸಂಜೀವ. ನಮಗೆ ಸಂತೋಷವಾಯಿತು.

ಅವನು ಬರಲಿಲ್ಲ. ಅಪ್ಪ ತೀರಿಕೊಂಡರೆಂದು ಕಾರ್ಡು ಬಂತು. ಹಾಸ್ಟೆಲಿನಲ್ಲಿದ್ದ ಅವನ ಪೆಟ್ಟಿಗೆಯನ್ನು ಸಂಜೀವ ಊರಿಗೆ ಹೋಗುವಾಗ ಒಯ್ದು ಕೊಟ್ಟ.

ಎಷ್ಟೋ ವರ್ಷದ ಮೇಲೆ ಕೆಲಸದ ಮೇಲೆ ಪುತ್ತೂರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಕೇಶವ ಸಿಕ್ಕಿದ. ಹೆಗಲಿಗೆ ಶಾಲು, ಕೈಯಲ್ಲಿ ಪೂಜೆಯ ಚೀಲ; ತಂದೆಯ ಕೆಲಸವನ್ನು ಅವನೇ ನೋಡಿಕೊಳ್ಳುತ್ತಿದ್ದ. ಮಾತಿನ ನಡುವೆ ನಾನು ನಗುತ್ತ, ‘ಅವತ್ತು ದಡದಲ್ಲಿ ಬತ್ತೆ ಅಂದು ನಮ್ಮನ್ನು ನಂಬಿಸಿದೆಯಲ್ಲ’ ಎಂದೆ.

ಅವನು ನನ್ನ ಮುಖ ನೋಡಿದ. ‘ನಾನಾ? ನಾನು ಎಂತದೂ ಹೇಳಲಿಲ್ಲ. ನೀವು ಕೂಕುಳು ಹಾಕಿದ್ದೂ ನನಗೆ ಕೇಳಲಿಲ್ಲ.’

ಚೀಲ ಕೆಳಗಿಟ್ಟು, ‘ಯಾವ ಹೊತ್ತಿಗೆ ಅದು?’ ಎಂದು ಕೇಳಿದ.

ಬಿಸಿಲು ಏರಿತ್ತು ಎಂದು ಮಾತ್ರ ನೆನಪಿದೆ ಎಂದೆ. ಯಾಕೆ ಎಂದು ನಾನು ಕೇಳಲಿಲ್ಲ. ಅವನ ತಂದೆ ತೀರಿಕೊಂಡದ್ದು ಯಾವ ದಿನ ಎಂದೂ ಕೇಳಲಿಲ್ಲ. ಕಾರ್ಡಿನಲ್ಲಿ ಇದ್ದಿರಬೇಕು, ಅದು ಈಗ ನನ್ನಲ್ಲಿಲ್ಲ.

ಅವನ ಬಸ್ಸು ಬಂತು. ಚೀಲ ಹೆಗಲಿಗೇರಿಸಿ, ನನ್ನ ಜೊತೆ ಮೊದಲಿನಿಂದಲೂ ಆಡುತ್ತಿದ್ದ ಕನ್ನಡದಲ್ಲಿ, ‘ಬರ್ತೇನೆ ಮಾರಾಯ’ ಎಂದು ಹತ್ತಿದ. ‘ಬತ್ತೆ’ ಎಂದಿದ್ದರೆ ಹೊಳೆಯಲ್ಲಿ ಕೇಳಿದ ಆ ಸ್ವರದ ಜೊತೆ ಹೋಲಿಸಿ ನೋಡಬಹುದಿತ್ತು. ಒಂದು ಸಲ ಹಾಗೆ ಹೇಳು ಎಂದು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ.